ನಾಲ್ಕನೇ ತಿಂಗಳಿಂದ ಆರು ತುಂಬುವವರೆಗೆ: ಯಾವುದು ಮಾಮೂಲು, ಯಾವುದಕ್ಕೆ ಆಸ್ಪತ್ರೆಗೆ ಓಡಬೇಕು?

ನಿದ್ದೆಗಣ್ಣು

ಚೊಚ್ಚಲ ಬಸಿರು. 15ನೇ ವಾರ ನಡೆಯುತ್ತಿದೆ. ಮೊನ್ನೆ ಮೊನ್ನೆಯವರೆಗೂ ಬೆಳಗಾದರೆ ವಾಂತಿ, ಅಡುಗೆಮನೆ ಕಡೆ ಹೋದರೆ ಹೊಟ್ಟೆ ತೊಳಸು. ಈಗ ಎಲ್ಲ ಒಮ್ಮೆಲೇ ನಿಂತುಹೋಗಿದೆ. ಖುಷಿ ಪಡಬೇಕಿತ್ತು, ಅಲ್ವಾ? ನನಗೆ ಭಯ ಶುರುವಾಗಿದೆ. ಹೊಟ್ಟೆ ಹೇಳಿಕೊಳ್ಳುವಷ್ಟು ಬಂದಿಲ್ಲ. ಮಗು ಮಿಸುಕಾಡುವುದೂ ಗೊತ್ತಾಗುತ್ತಿಲ್ಲ. ಮುಂದಿನ ಸ್ಕ್ಯಾನಿಗೆ ಇನ್ನೂ ತುಂಬಾ ದಿನ ಇದೆ. ಅಲ್ಲಿಯವರೆಗೆ ಒಳಗೆ ಎಲ್ಲ ಸರಿ ಇದೆ ಅಂತ ನಂಬುವುದು ಹೇಗೆ?

ಕೇಳಿದವರೆಲ್ಲ "ನಡುವಿನ ಮೂರು ತಿಂಗಳು ಆರಾಮ, ಸುಮ್ನೆ ಖುಷಿಯಾಗಿರು" ಅನ್ನುತ್ತಾರೆ. ಆ ಆರಾಮದಲ್ಲಿ ಏನೇನು ಬರುತ್ತದೆ ಅಂತ ದಾಟಿ ಬಂದವರು ಬಿಡಿಸಿ ಹೇಳಿ ಪ್ಲೀಸ್.

ಅರ್ಧರಾತ್ರಿ ಬಟ್ಟೆ ಮಡಚುವವಳು

ಹೆದರಬೇಡಿ ಅಂದರೆ ಹೆದರಿಕೆ ಹೋಗುವುದಿಲ್ಲ ಅಂತ ನನಗೂ ಗೊತ್ತು, ಎರಡು ಹೆತ್ತಿದ್ದೇನೆ. ಅದಕ್ಕೇ ಕಾರಣ ಹೇಳುತ್ತೇನೆ. ಎಚ್‌ಸಿಜಿ ಅನ್ನುವ, ವಾಂತಿಗೆ ನಂಟಿರುವ ಹಾರ್ಮೋನ್ 9ರಿಂದ 11ನೇ ವಾರದ ಹೊತ್ತಿಗೆ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ. ಅಷ್ಟರಲ್ಲಿ ಮಾಸು (ಮಗುವಿಗೆ ಪೋಷಣೆ ತಲುಪಿಸುವ ಪ್ಲಸೆಂಟಾ) ಬೆಳೆದು ಬಸಿರು ಉಳಿಸಿಕೊಳ್ಳುವ ಹಾರ್ಮೋನುಗಳ ಕೆಲಸವನ್ನು ತಾನೇ ವಹಿಸಿಕೊಂಡಿರುತ್ತದೆ. ಹೆಚ್ಚಿನವರಿಗೆ 12ರಿಂದ 16ನೇ ವಾರದ ಒಳಗೆ ವಾಂತಿ ತಗ್ಗುವುದು ಮಾಮೂಲು. ಕೆಲವರಿಗೆ 20 ವಾರದವರೆಗೂ ಎಳೆಯುತ್ತದೆ, ಪಾಪ ಒಬ್ಬಿಬ್ಬರಿಗೆ ಹೆರಿಗೆವರೆಗೂ. 15ನೇ ವಾರದಲ್ಲಿ ನಿಂತಿದ್ದು ಕೆಟ್ಟ ಸೂಚನೆ ಅಲ್ಲ.

ನಿಜವಾದ ಕಷ್ಟ ಬೇರೆ. ವಾಂತಿ ನಿಂತ ಮೇಲೆ ಮಗು ಮಿಸುಕಾಡುವುದು ಶುರುವಾಗುವವರೆಗೆ ಕೆಲವು ವಾರ ದೇಹ ಏನೂ ಹೇಳುವುದಿಲ್ಲ. ನನ್ನ ಪ್ರಕಾರ ಬಸಿರಿನಲ್ಲಿ ಮನಸ್ಸಿಗೆ ಅತಿ ಕಷ್ಟದ ಹೊತ್ತು ಇದೇ. "ಆರಾಮ" ಅನ್ನುವವರು ದೇಹದ ಬಗ್ಗೆ ಮಾತ್ರ ಹೇಳುತ್ತಿರುತ್ತಾರೆ.

ವಾರ್ಡ್ ಸಿಸ್ಟರ್

ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ. ನಿದ್ದೆಗಣ್ಣು, ನಿಮ್ಮ ಹೊಟ್ಟೆ ಕಾಣದಿರುವುದಕ್ಕೂ ಲೆಕ್ಕ ಇದೆ. 12ನೇ ವಾರದ ಹೊತ್ತಿಗೆ ಗರ್ಭಕೋಶ ಆಗಷ್ಟೇ ಸೊಂಟದ ಮೂಳೆಯಿಂದ ಮೇಲಕ್ಕೆ ಬಂದಿರುತ್ತದೆ. 16ಕ್ಕೆ ಆ ಮೂಳೆಗೂ ಹೊಕ್ಕುಳಿಗೂ ನಡುವೆ ಸಿಗುತ್ತದೆ. 20ಕ್ಕೆ ಹೊಕ್ಕುಳಿನ ಹತ್ತಿರ. ಚೊಚ್ಚಲು ಆದರೆ ಹೊಟ್ಟೆಯ ಸ್ನಾಯು ಬಿಗಿಯಾಗಿರುತ್ತದೆ, ಅದಕ್ಕೇ ತಡವಾಗಿ ಕಾಣುತ್ತದೆ. ಪಕ್ಕದ ಮನೆಯವರ ಹೊಟ್ಟೆ ಜೊತೆ ಹೋಲಿಸಬೇಡಿ.

24ನೇ ವಾರದಿಂದ ಚೆಕಪ್ಪಿನಲ್ಲಿ ಟೇಪ್ ಹಿಡಿದು ಅಳೆಯುತ್ತೇವೆ. ಎಷ್ಟನೇ ವಾರವೋ ಸುಮಾರು ಅಷ್ಟೇ ಸೆಂಟಿಮೀಟರ್ ಇರಬೇಕು. ಎರಡು ಸೆಂಟಿಮೀಟರ್ ಆಚೀಚೆ ಆದರೆ ಗಾಬರಿ ಬೇಡ. ಅದಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಸ್ಕ್ಯಾನ್ ಮಾಡಿ ನೋಡುತ್ತಾರೆ.

ತುಂಬಾ ಆತಂಕ ಆದರೆ ಮುಂಚೆಯೇ ಒಂದು ಚೆಕಪ್ ಕೇಳಿ, ಮಗುವಿನ ಹೃದಯ ಬಡಿತ ಕೇಳಿಸುತ್ತಾರೆ. ನಿಮಿಷಕ್ಕೆ 110ರಿಂದ 160 ಇರುತ್ತದೆ. ಆದರೆ ಮನೆಯಲ್ಲಿ ಬಡಿತ ಕೇಳುವ ಮಿಷನ್ ಮಾತ್ರ ತರಬೇಡಿ. ಎಷ್ಟೋ ಸಲ ಕೇಳಿಸುವುದು ತಾಯಿಯದೇ ನಾಡಿ. ತೊಂದರೆ ಇಲ್ಲದಿದ್ದಾಗ ಹೆದರಿಸುತ್ತದೆ, ಅದಕ್ಕಿಂತ ಕೆಟ್ಟದ್ದು, ನಿಜವಾಗಿ ತೊಂದರೆ ಇದ್ದಾಗ ಸುಳ್ಳು ಸಮಾಧಾನ ಕೊಡುತ್ತದೆ.

ನಿದ್ದೆಗಣ್ಣು

ಸಿಸ್ಟರ್, ಥ್ಯಾಂಕ್ಸ್. ಆ ಮಿಷನ್ ಆರ್ಡರ್ ಮಾಡಲು ಹೊರಟಿದ್ದೆ, ಬಿಟ್ಟೆ. ಮಗು ಮಿಸುಕಾಡುವುದು ಯಾವಾಗ ಗೊತ್ತಾಗುತ್ತದೆ? ಹೇಗಿರುತ್ತದೆ?

ಗೋಡೆ ಗಡಿಯಾರ

ನನಗೆ ಗೊತ್ತಾಗಿದ್ದು ಆಫೀಸಿನಲ್ಲಿ, ಮೀಟಿಂಗ್ ನಡುವೆ. ಹೊಕ್ಕುಳಿನ ಕೆಳಗೆ, ಎಡಗಡೆ, ಒಳಗಡೆ ಗಾಳಿಗುಳ್ಳೆ ಒಡೆದ ಹಾಗೆ. ಗ್ಯಾಸ್ ಅಂತ ಅಂದುಕೊಂಡು ಬಿಟ್ಟೆ. ಸ್ವಲ್ಪ ಹೊತ್ತಿಗೆ ಅದೇ ಜಾಗದಲ್ಲಿ ಮತ್ತೆ. ಗ್ಯಾಸ್ ಆದರೆ ಜಾಗ ಬದಲಿಸುತ್ತದೆ, ಇದು ಬದಲಿಸಲಿಲ್ಲ. ಪ್ರಾಜೆಕ್ಟ್ ಬಗ್ಗೆ ಯಾರು ಏನು ಮಾತಾಡಿದರೋ ದೇವರಿಗೇ ಗೊತ್ತು.

ಅರ್ಧರಾತ್ರಿ ಬಟ್ಟೆ ಮಡಚುವವಳು

ಚೊಚ್ಚಲಿಗೆ ಸಾಮಾನ್ಯವಾಗಿ 18ರಿಂದ 20 ವಾರ. ಎರಡನೇ ಸಲ ಆದರೆ 16ಕ್ಕೇ ಗೊತ್ತಾಗಬಹುದು, ಯಾಕೆಂದರೆ ಏನನ್ನು ಹುಡುಕಬೇಕು ಅಂತ ತಿಳಿದಿರುತ್ತದೆ. ಮೊದಮೊದಲು ದಿನಾ ಬರುವುದಿಲ್ಲ. ಒಂದು ದಿನ ಗೊತ್ತಾಗಿ ಎರಡು ದಿನ ಏನೂ ಇಲ್ಲ ಅಂದರೆ ಆ ಹಂತದಲ್ಲಿ ಮಾಮೂಲು.

ಮುಂದಿನ ಗೋಡೆ

ಇದಕ್ಕೊಂದು ಸೇರಿಸಲೇಬೇಕು. ನನಗೆ ಮಾಸು ಗರ್ಭಕೋಶದ ಮುಂಭಾಗದಲ್ಲಿ ಅಂಟಿಕೊಂಡಿತ್ತು. ರಿಪೋರ್ಟಿನಲ್ಲಿ ಆಂಟೀರಿಯರ್ ಪ್ಲಸೆಂಟಾ ಅಂತ ಬರೆದಿರುತ್ತಾರೆ. ಮಗುವಿಗೂ ನಮ್ಮ ಹೊಟ್ಟೆಯ ಮುಂಭಾಗಕ್ಕೂ ನಡುವೆ ಅದು ಇರುವುದರಿಂದ ಒದೆತ ತಡವಾಗಿ ಗೊತ್ತಾಗುತ್ತದೆ. ಅದು ದೋಷ ಅಲ್ಲ, ಮಾಸು ಇರುವ ಜಾಗ ಅಷ್ಟೇ. ನನಗೆ ಗೊತ್ತಾಗುತ್ತಿದ್ದದ್ದು ಪಕ್ಕೆಯಲ್ಲಿ, ತೀರಾ ಕೆಳಗೆ ತೊಡೆಸಂದಿನ ಹತ್ತಿರ. ನಟ್ಟನಡುವೆ ಕೈ ಇಟ್ಟು ಕಾದರೆ ಏನೂ ಇಲ್ಲ. 22ನೇ ವಾರ ದಾಟಿದ ಮೇಲೇ ಸರಿಯಾಗಿ ತಿಳಿದದ್ದು.

ವಾರ್ಡ್ ಸಿಸ್ಟರ್

ಸರಿ ಹೇಳಿದಿರಿ. ಎಲ್ಲರೂ ನೆನಪಿಡಬೇಕಾದ ಗೆರೆ ಒಂದು ಇದೆ. 24 ವಾರ ಆದರೂ ಮಿಸುಕಾಟವೇ ಗೊತ್ತಾಗದಿದ್ದರೆ ಡಾಕ್ಟರಿಗೆ ಹೇಳಿ. ಮಾಸು ಮುಂದಿದ್ದರೂ ಹೇಳಿ. 28ರ ಹೊತ್ತಿಗೆ ಪ್ರತಿ ಮಗುವಿಗೂ ತನ್ನದೇ ಒಂದು ಕ್ರಮ ಬರುತ್ತದೆ. ಆಮೇಲೆ ಆ ಕ್ರಮ ತಗ್ಗಿದರೆ ಅದೇ ದಿನ ಹೋಗಿ ತೋರಿಸಬೇಕು. "ನಾಳೆ ನೋಡೋಣ" ಬೇಡ. ತಣ್ಣೀರು ಕುಡಿದು, ಸಿಹಿ ತಿಂದು ಕಾಯುತ್ತಾ ಕೂರುವುದೂ ಬೇಡ.

ಚಾರ್ಜರ್ ಎಲ್ಲಿ

ಗಂಡಸೊಬ್ಬ ಬರೆಯಬಹುದು ತಾನೇ? ನನ್ನ ಹೆಂಡತಿಗೆ 19 ವಾರ. ಅನಾಮಲಿ ಸ್ಕ್ಯಾನ್ ಬುಕ್ ಆಗಿದೆ. ಅದರಲ್ಲಿ ಏನು ನೋಡುತ್ತಾರೆ? ಹೋದ ಸ್ಕ್ಯಾನ್ ಮಾಡಿದವರು ಒಂದು ಮಾತೂ ಆಡಲಿಲ್ಲ. ಸ್ಕ್ರೀನ್ ನೋಡುತ್ತಾ ಬಟನ್ ಒತ್ತುತ್ತಾ ಕೂತರು. ನಮ್ಮಿಬ್ಬರ ಜೀವ ಬಾಯಿಗೆ ಬಂದಿತ್ತು.

ವಾರ್ಡ್ ಸಿಸ್ಟರ್

ಬರೆಯಿರಿ ಅಣ್ಣಾ, ಕೇಳುವ ಗಂಡಸರು ಕಡಿಮೆ.

ಅವರು ಮಾತಾಡದಿರುವುದಕ್ಕೆ ಹೆದರಬೇಡಿ. ಅಳತೆ ತಗೊಳ್ಳುವಾಗ ಮಾತಾಡಿದರೆ ಗಮನ ತಪ್ಪುತ್ತದೆ. ಈ ಸ್ಕ್ಯಾನ್ 18ರಿಂದ 22ನೇ ವಾರದ ನಡುವೆ ಮಾಡುತ್ತಾರೆ. ಅದಕ್ಕಿಂತ ಮುಂಚೆ ಅಂಗಾಂಗ ಸಣ್ಣವು, ತುಂಬಾ ತಡ ಆದರೆ ಮುಂದಿನ ಪರೀಕ್ಷೆಗಳಿಗೆ ಸಮಯ ಉಳಿಯುವುದಿಲ್ಲ. ತಲೆಯ ಸುತ್ತಳತೆ, ಹೊಟ್ಟೆಯ ಸುತ್ತಳತೆ, ತೊಡೆಮೂಳೆಯ ಉದ್ದ ತಗೊಂಡು ಬೆಳವಣಿಗೆ ಲೆಕ್ಕ ಹಾಕುತ್ತಾರೆ. ಆಮೇಲೆ ಒಂದೊಂದೇ ಅಂಗ. ಮಿದುಳಿನ ಒಳಗೆ ನೀರು ತುಂಬಿದ ಜಾಗಗಳು ಎಷ್ಟು ಅಗಲ ಇವೆ, ಮೇಲ್ದುಟಿ ಕೂಡಿದೆಯಾ, ಬೆನ್ನುಮೂಳೆ ಮೇಲಿನಿಂದ ಕೆಳಗಿನವರೆಗೆ ಮುಚ್ಚಿಕೊಂಡಿದೆಯಾ, ಹೃದಯದಲ್ಲಿ ನಾಲ್ಕು ಕೋಣೆ ಇವೆಯಾ, ಅಲ್ಲಿಂದ ಹೊರಡುವ ದೊಡ್ಡ ರಕ್ತನಾಳಗಳು ಸರಿ ಇವೆಯಾ. ಜಠರ, ಎರಡು ಕಿಡ್ನಿ, ಮೂತ್ರಚೀಲ, ಕೈಕಾಲು. ಹೊಕ್ಕುಳಬಳ್ಳಿಯಲ್ಲಿ ಮೂರು ರಕ್ತನಾಳ ಇರಬೇಕು, ಅದನ್ನೂ ಎಣಿಸುತ್ತಾರೆ. ಮಾಸು ಎಲ್ಲಿದೆ, ಮಗುವಿನ ಸುತ್ತ ನೀರು ಎಷ್ಟಿದೆ, ಗರ್ಭಕೋಶದ ಬಾಯಿ ಎಷ್ಟು ಉದ್ದ ಇದೆ ಅಂತಲೂ ನೋಡುತ್ತಾರೆ.

ಮಗು ಬೆನ್ನು ತಿರುಗಿಸಿ ಮಲಗಿದ್ದರೆ ಹೃದಯ ಸರಿಯಾಗಿ ಕಾಣುವುದಿಲ್ಲ. ಆಗ "ಹೊರಗೆ ಸ್ವಲ್ಪ ಓಡಾಡಿ ಬನ್ನಿ" ಅಂತ ಕಳಿಸುತ್ತಾರೆ, ಇಲ್ಲವಾದರೆ ಇನ್ನೊಂದು ದಿನ ಕರೆಯುತ್ತಾರೆ. ಎರಡನೇ ಸಲ ಕರೆದರು ಅಂದಾಕ್ಷಣ ಏನೋ ಸಿಕ್ಕಿದೆ ಅಂತ ಅರ್ಥ ಅಲ್ಲ. ಮೂತ್ರ ಕಟ್ಟಿಕೊಂಡು ಬರಬೇಕಾ ಬೇಡವಾ ಅಂತ ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ಇನ್ನೊಂದು ಮಾತು. ಈ ಸ್ಕ್ಯಾನ್ ಎಲ್ಲವನ್ನೂ ಹಿಡಿಯುವುದಿಲ್ಲ. ಹೃದಯದ ಕೆಲವು ಸಣ್ಣ ತೊಂದರೆ ತಪ್ಪಿಹೋಗಬಹುದು. ಬುದ್ಧಿ ಬೆಳವಣಿಗೆ, ಕಿವಿ ಕೇಳಿಸುವುದು ಇಂಥದ್ದೆಲ್ಲ ಚಿತ್ರದಲ್ಲಿ ಕಾಣುವ ವಿಷಯ ಅಲ್ಲ.

ಬಿಳಿ ಚುಕ್ಕೆ

ಚಾರ್ಜರ್ ಅವರೇ, ಇದು ನಿಮಗೆ ಬೇಕಾಗದೇ ಇರಲಿ, ಆದರೂ ಓದಿಟ್ಟುಕೊಳ್ಳಿ. ನನ್ನ ರಿಪೋರ್ಟಿನಲ್ಲಿ "ಕೋರಾಯ್ಡ್ ಪ್ಲೆಕ್ಸಸ್ ಸಿಸ್ಟ್" ಅಂತ ಬಂದಿತ್ತು. ಮಿದುಳಿನಲ್ಲಿ ಸಿಸ್ಟ್ ಅಂತ ಓದಿದರೆ ತಾಯಿಗೆ ಹೇಗಾಗಬೇಡ! ಶುಕ್ರವಾರ ಸಂಜೆ ರಿಪೋರ್ಟ್ ಕೈಗೆ ಕೊಟ್ಟರು, ಡಾಕ್ಟರ್ ಸಿಗುವುದು ಸೋಮವಾರ. ಆ ಮೂರು ರಾತ್ರಿ ಫೋನಿನಲ್ಲಿ ಹುಡುಕಿ ಹುಡುಕಿ ಕಣ್ಣು ಊದಿಕೊಂಡಿತ್ತು.

ಸೋಮವಾರ ಡಾಕ್ಟರ್ ಹೇಳಿದ್ದು ಇಷ್ಟು: ಮಿದುಳಿನ ನೀರು ತಯಾರಾಗುವ ಜಾಗದಲ್ಲಿ ಸಣ್ಣ ನೀರ್ಗುಳ್ಳೆ. ಬೇರೆ ಅಂಗ ಎಲ್ಲ ಸರಿ ಇದ್ದು, ಮೂರನೇ ತಿಂಗಳಲ್ಲಿ ಮಾಡಿದ ಸ್ಕ್ರೀನಿಂಗಿನಲ್ಲಿ ಕ್ರೋಮೋಸೋಮ್ ದೋಷದ ಅಪಾಯ ಕಡಿಮೆ ಅಂತ ಬಂದಿದ್ದರೆ ಇದೊಂದರಿಂದಲೇ ಏನೂ ಆಗುವುದಿಲ್ಲ. ಹೆಚ್ಚಿನವು 28 ವಾರದೊಳಗೆ ತಾವೇ ಹೋಗುತ್ತವೆ. ನಮ್ಮದೂ ಹೋಯಿತು. ಹೃದಯದಲ್ಲಿ ಬೆಳ್ಳಗೆ ಚುಕ್ಕೆ ಕಾಣುವುದೂ ಇದೇ ಜಾತಿ. ಇವನ್ನು ಸಾಫ್ಟ್ ಮಾರ್ಕರ್ ಅನ್ನುತ್ತಾರೆ. ಒಂದಕ್ಕಿಂತ ಜಾಸ್ತಿ ಸಿಕ್ಕರೆ ಅಥವಾ ಸ್ಕ್ರೀನಿಂಗ್ ಮಾಡಿಸಿಯೇ ಇಲ್ಲದಿದ್ದರೆ ಮುಂದಿನ ಟೆಸ್ಟ್ ಬಗ್ಗೆ ಮಾತಾಡುತ್ತಾರೆ. ತಾಯಿಯ ರಕ್ತದಿಂದ ಮಾಡುವ ಎನ್‌ಐಪಿಟಿ, ಇಲ್ಲವೇ ಮಗುವಿನ ಸುತ್ತಲಿನ ನೀರು ತೆಗೆದು ಮಾಡುವ ಆಮ್ನಿಯೋ.

ನನ್ನ ಸಿಟ್ಟು ಸಿಸ್ಟ್ ಮೇಲಲ್ಲ, ವಿವರಿಸುವವರಿಲ್ಲದೆ ರಿಪೋರ್ಟ್ ಕೈಗೆ ಕೊಟ್ಟು ಕಳಿಸಿದ್ದರ ಮೇಲೆ. ಸಾಧ್ಯವಾದರೆ ಡಾಕ್ಟರ್ ಅದೇ ದಿನ ಅಥವಾ ಮರುದಿನ ಸಿಗುವ ಹಾಗೆ ಸ್ಕ್ಯಾನ್ ದಿನ ಇಟ್ಟುಕೊಳ್ಳಿ.

ಚಾರ್ಜರ್ ಎಲ್ಲಿ

ಇದು ಹೊಳೆದೇ ಇರಲಿಲ್ಲ. ನಮ್ಮದೂ ಶುಕ್ರವಾರವೇ ಇದೆ. ನಾಳೆಯೇ ಬದಲಿಸುತ್ತೇನೆ.

ತುಂತುರು

ನನ್ನ ಸ್ಕ್ಯಾನಿನಲ್ಲಿ ಮಾಸು ಕೆಳಗಿದೆ ಅಂತ ಬಂದಿದೆ. 20 ವಾರ. ಮನೆಯವರು ಹಾಸಿಗೆಯಿಂದ ಏಳಬೇಡ ಅನ್ನುತ್ತಿದ್ದಾರೆ. ಮಲಗಿ ಮಲಗಿ ಬೆನ್ನು ಹೋಗಿದೆ.

ವಾರ್ಡ್ ಸಿಸ್ಟರ್

ಡಾಕ್ಟರ್ ಮಲಗಿ ಅಂದರಾ, ಮನೆಯವರು ಮಾತ್ರ ಅಂದರಾ? ಮೊದಲು ಅದು ಗೊತ್ತಾಗಬೇಕು. ರಕ್ತಸ್ರಾವ ಇಲ್ಲದಿದ್ದರೆ 20ನೇ ವಾರದಲ್ಲಿ ಮಾಸು ಕೆಳಗಿದೆ ಅನ್ನುವ ಒಂದೇ ಕಾರಣಕ್ಕೆ ಸಾಮಾನ್ಯವಾಗಿ ಮಲಗಿಸುವುದಿಲ್ಲ. ಸುಮ್ನೆ ಮಲಗೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಬೇರೆ.

ಮುಂದಿನ ವಾರಗಳಲ್ಲಿ ಗರ್ಭಕೋಶದ ಕೆಳಭಾಗ ಹಿಗ್ಗಿ ಉದ್ದ ಆಗುತ್ತದೆ. ಮಾಸು ಅಂಟಿದ ಜಾಗ ಅದರ ಜೊತೆ ಬಾಯಿಯಿಂದ ದೂರ ಸರಿಯುತ್ತದೆ. ಹೆಚ್ಚಿನವರಿಗೆ ಹೀಗೇ ಸರಿಹೋಗುತ್ತದೆ. 32ನೇ ವಾರದ ಸುಮಾರಿಗೆ ಮತ್ತೆ ಸ್ಕ್ಯಾನ್ ಮಾಡಿ ನೋಡುತ್ತಾರೆ. ಅಲ್ಲಿಯವರೆಗೆ ಗಂಡ ಹೆಂಡತಿ ಸೇರುವುದು, ಭಾರ ಎತ್ತುವುದು, ದೂರ ಪ್ರಯಾಣ, ಇವು ಮೂರನ್ನೂ ಡಾಕ್ಟರ್ ಹತ್ತಿರ ಬಾಯಿಬಿಟ್ಟು ಕೇಳಿ. ನೋವಿಲ್ಲದೆ ರಕ್ತ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು, ನೋವಿಲ್ಲ ಅಂತ ಸಮಾಧಾನ ಪಡಬೇಡಿ. ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದರೆ ಅದನ್ನು ಮರೆಯದೆ ಹೇಳಿ. ಹಳೇ ಹೊಲಿಗೆ ಮೇಲೆ ಮಾಸು ಕೂತಿದೆಯಾ ಅಂತ ಬೇರೆಯಾಗಿ ನೋಡಬೇಕಾಗುತ್ತದೆ.

ತುಂತುರು

ಡಾಕ್ಟರ್ ಏನೂ ಅಂದಿಲ್ಲ ಸಿಸ್ಟರ್, ಅತ್ತೆ ಅಂದಿದ್ದು. ನಿಮ್ಮ ಪೋಸ್ಟ್ ತೋರಿಸಿದೆ. "ಸರಿ, ಡಾಕ್ಟರನ್ನ ಒಂದು ಮಾತು ಕೇಳು" ಅಂದರು. ಅಷ್ಟಾದರೂ ಆಯಿತು.

ಸೀನಿದರೆ ಸತ್ತೆ

ನಿನ್ನೆ ಸೀನಿದೆ. ತೊಡೆಸಂದಿನ ಬಲಗಡೆ ಯಾರೋ ಚುಚ್ಚಿದಂತಾಯಿತು. ಅಲ್ಲೇ ಬಗ್ಗಿಬಿಟ್ಟೆ. 21 ವಾರ. ಇದೇನು?

ಅರ್ಧರಾತ್ರಿ ಬಟ್ಟೆ ಮಡಚುವವಳು

ಗರ್ಭಕೋಶವನ್ನು ಎರಡೂ ಕಡೆಯಿಂದ ತೊಡೆಸಂದಿಗೆ ಹಿಡಿದಿಡುವ ಲಿಗಮೆಂಟ್ ಇದೆ. ಹೊಟ್ಟೆ ಬೆಳೆದಂತೆ ಅದು ಎಳೆದುಕೊಳ್ಳುತ್ತದೆ. ಸೀನಿದಾಗ, ಕೆಮ್ಮಿದಾಗ, ಹಾಸಿಗೆಯಲ್ಲಿ ಗಬಕ್ಕನೆ ಹೊರಳಿದಾಗ ಚುಳುಕ್ ಅನ್ನುತ್ತದೆ. ಕೆಲವು ಸೆಕೆಂಡಿನಲ್ಲಿ ಹೋಗುತ್ತದೆ. ಸೀನು ಬರುವ ಸೂಚನೆ ಸಿಕ್ಕ ತಕ್ಷಣ ಸೊಂಟ ಸ್ವಲ್ಪ ಬಗ್ಗಿಸಿ, ಹೊಟ್ಟೆ ಕೆಳಗೆ ಕೈ ಕೊಡಿ. ಹೊರಳುವಾಗ ಮೊಣಕಾಲು ಮಡಿಸಿಕೊಂಡು ಹೊರಳಿ. ನೋವು ಹೋಗದೇ ಉಳಿದರೆ, ಜ್ವರ ಬಂದರೆ, ಉರಿಮೂತ್ರ ಇದ್ದರೆ ಅದು ಬೇರೆ ಕಥೆ, ತೋರಿಸಿ.

ಮೀನಖಂಡ ಹಿಡಿದುಕೊಳ್ಳುವುದೂ ಇದೇ ತಿಂಗಳುಗಳಲ್ಲಿ ಶುರು. ನಡುರಾತ್ರಿ ಕಿರುಚಿಕೊಂಡು ಏಳಿಸುತ್ತದೆ ಮಾರಾಯ್ತಿ! ಕಾಲ ಬೆರಳನ್ನು ಕೆಳಕ್ಕೆ ಚಾಚಬೇಡಿ, ಇನ್ನೂ ಬಿಗಿಯುತ್ತದೆ. ಹಿಮ್ಮಡಿ ಊರಿ ಬೆರಳನ್ನು ಮೊಣಕಾಲಿನ ಕಡೆಗೆ ಎಳೆದುಕೊಳ್ಳಿ. ಹೊಟ್ಟೆ ಅಡ್ಡ ಬಂದು ಕೈ ಎಟುಕದಿದ್ದರೆ ಗಂಡನನ್ನು ಎಬ್ಬಿಸಿ, ಪರವಾಗಿಲ್ಲ. ಮಲಗುವ ಮುಂಚೆ ಗೋಡೆಗೆ ಕೈಕೊಟ್ಟು ಮೀನಖಂಡ ಎಳೆದರೆ ನನಗೆ ಎಷ್ಟೋ ತಗ್ಗುತ್ತಿತ್ತು.

ಗೋಡೆ ಗಡಿಯಾರ

ಮೂಗಿನಲ್ಲಿ ರಕ್ತ, ಹಲ್ಲುಜ್ಜಿದರೆ ಒಸಡಿನಲ್ಲಿ ರಕ್ತ, ಮೂಗು ಕಟ್ಟಿಕೊಂಡೇ ಇರುವುದು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ! ರಕ್ತದ ಪ್ರಮಾಣ ಸುಮಾರು ಅರ್ಧದಷ್ಟು ಜಾಸ್ತಿ ಆಗುವುದರಿಂದ ಸಣ್ಣ ಸಣ್ಣ ರಕ್ತನಾಳಗಳೆಲ್ಲ ಉಬ್ಬಿರುತ್ತವಂತೆ. ಜೊತೆಗೆ ನಡುವಿನ ತಿಂಗಳಲ್ಲಿ ಬಿಪಿ ತುಸು ಇಳಿಯುತ್ತದೆ, ಅದಕ್ಕೇ ಗಬಕ್ಕನೆ ಎದ್ದರೆ ತಲೆಸುತ್ತು. ನಾನು ಮೊದಲು ಹಾಸಿಗೆಯ ಅಂಚಿನಲ್ಲಿ ಕೂತು ಆಮೇಲೆ ಏಳುತ್ತೇನೆ.

ಹುಳಿತೇಗು ಸಂಘ

ನಮ್ಮ ಸಂಘದ ಹೆಸರೇ ಹೇಳುತ್ತದೆ. ಪ್ರೊಜೆಸ್ಟರಾನ್ ಹಾರ್ಮೋನ್ ಅನ್ನನಾಳದ ಬಾಗಿಲನ್ನೂ ಕರುಳನ್ನೂ ಸಡಿಲ ಮಾಡುತ್ತದೆ. ಬಾಗಿಲು ಸಡಿಲ ಆದರೆ ಎದೆಯುರಿ, ಕರುಳು ನಿಧಾನ ಆದರೆ ಮಲಬದ್ಧತೆ, ಅದು ಮುಂದುವರಿದರೆ ಪೈಲ್ಸ್. ಒಂದೇ ಹಾರ್ಮೋನು, ಮೂರು ಕಾಟ. ಸ್ವಲ್ಪ ಸ್ವಲ್ಪ, ಆಗಾಗ ತಿನ್ನಿ. ತಿಂದ ತಕ್ಷಣ ಮಲಗಬೇಡಿ. ಮಂಚದ ತಲೆಯ ಕಡೆ ಎತ್ತರಿಸಿ. ಆಂಟಾಸಿಡ್ ಡಾಕ್ಟರನ್ನು ಕೇಳಿಯೇ ತಗೊಳ್ಳಿ.

ಕರಿ ಮಾತ್ರೆ

ಐರನ್ ಮಾತ್ರೆ ತಗೊಂಡರೆ ಮಲ ಕಪ್ಪಾಗುತ್ತದೆ, ಹೊಟ್ಟೆ ಕಟ್ಟುತ್ತದೆ. ಬಿಟ್ಟುಬಿಡಲಾ ಅನ್ನಿಸುತ್ತಿದೆ. ಹಿಮೋಗ್ಲೋಬಿನ್ ಮೊದಲು 12 ಇತ್ತು, ಈಗ 10.8. ಸರಿಯಾಗಿ ತಿಂದರೂ ಯಾಕೆ ಇಳಿಯಿತು?

ವಾರ್ಡ್ ಸಿಸ್ಟರ್

ರಕ್ತದಲ್ಲಿ ನೀರಿನ ಭಾಗ ಕೆಂಪು ಕಣಗಳಿಗಿಂತ ಬೇಗ ಹೆಚ್ಚುತ್ತದೆ. ಅದಕ್ಕೇ ಲೆಕ್ಕದಲ್ಲಿ ಇಳಿದಂತೆ ಕಾಣುತ್ತದೆ. ಈ ನಡುವಿನ ತಿಂಗಳಲ್ಲಿ 10.5ಕ್ಕಿಂತ ಕೆಳಗೆ ಹೋದರೆ ರಕ್ತಹೀನತೆ ಅಂತ ಹಲವು ಕಡೆ ಹಿಡಿಯುತ್ತಾರೆ. ನಿಮ್ಮದು ಅಂಚಿನಲ್ಲಿದೆ, ಹಾಗಾಗಿ ಬಿಡಬೇಡಿ. ಕಪ್ಪಾಗುವುದು ಮಾತ್ರೆಯ ಬಣ್ಣ, ಹೆದರಬೇಕಿಲ್ಲ. ಐರನ್ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗಬೇಡಿ, ಒಂದು ಇನ್ನೊಂದನ್ನು ಮೈಗೆ ಹತ್ತಲು ಬಿಡುವುದಿಲ್ಲ. ನಡುವೆ ಎರಡು ಗಂಟೆಯಾದರೂ ಇರಲಿ. ಟೀ ಕಾಫಿ ಜೊತೆಗೂ ಬೇಡ. ವಿಟಮಿನ್ ಸಿ ಇರುವ ಹಣ್ಣಿನ ಜೊತೆ ಆದರೆ ಚೆನ್ನಾಗಿ ಹತ್ತುತ್ತದೆ. ಹೊಟ್ಟೆ ತೀರಾ ಕಟ್ಟಿದರೆ ಬೇರೆ ಬಗೆಯ ಐರನ್ ಇದೆ, ದಿನ ಬಿಟ್ಟು ದಿನ ಕೊಡುವುದೂ ಇದೆ. ನೀವೇ ನಿಲ್ಲಿಸಬೇಡಿ, ಕೇಳಿ ಬದಲಿಸಿಕೊಳ್ಳಿ.

ಇದೇ ಹೊತ್ತಲ್ಲಿ ಒಂದು ಎಚ್ಚರಿಕೆ. ತಲೆನೋವು, ಬೆನ್ನುನೋವು ಅಂತ ಐಬುಪ್ರೊಫೆನ್ ಗುಂಪಿನ ಮಾತ್ರೆ ನುಂಗಬೇಡಿ. 20 ವಾರ ದಾಟಿದ ಮೇಲೆ ಅದು ಮಗುವಿನ ಕಿಡ್ನಿಗೆ ತೊಂದರೆ ಮಾಡಿ ಸುತ್ತಲಿನ ನೀರು ಇಳಿಸಬಹುದು. ಅಮೆರಿಕದ ಎಫ್‌ಡಿಎ 2020ರಲ್ಲಿ ಇದರ ಬಗ್ಗೆ ಎಚ್ಚರಿಸಿತ್ತು. ಪ್ಯಾರಾಸಿಟಮಾಲ್ ಕೂಡ ಡಾಕ್ಟರ್ ಹೇಳಿದಷ್ಟೇ. ಬಿಪಿ ಏರುವ ಅಪಾಯ ಇದೆ ಅಂತ ಸಣ್ಣ ಡೋಸ್ ಆಸ್ಪಿರಿನ್ ಬರೆದುಕೊಟ್ಟಿದ್ದರೆ ಮಾತ್ರ ಅದನ್ನು ನಿಲ್ಲಿಸಬೇಡಿ, ಅದು ಬೇರೆ ಉದ್ದೇಶಕ್ಕೆ.

ಸಕ್ಕರೆ ಬಿಟ್ಟವಳು

ಶುಗರ್ ಟೆಸ್ಟ್ ಬಗ್ಗೆ ಯಾರೂ ಬರೆದಿಲ್ಲ, ನಾನೇ ಬರೆಯುತ್ತೇನೆ. 24ರಿಂದ 28ನೇ ವಾರದ ನಡುವೆ ಮಾಡುತ್ತಾರೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟೆ. ಆಮೇಲೆ 75 ಗ್ರಾಂ ಗ್ಲೂಕೋಸ್ ಕರಗಿಸಿದ ನೀರು. ಕುಡಿಯುವಾಗ ಮೊದಲೆರಡು ಗುಟುಕು ಪರವಾಗಿಲ್ಲ, ತಳದಲ್ಲಿ ಪಾಕದ ಹಾಗೆ ಕೂತಿರುತ್ತದೆ, ಅದೇ ಕಷ್ಟ. ಐದು ನಿಮಿಷದಲ್ಲಿ ಮುಗಿಸಬೇಕು. ವಾಂತಿಯಾದರೆ ಟೆಸ್ಟ್ ಲೆಕ್ಕಕ್ಕಿಲ್ಲ, ಇನ್ನೊಂದು ದಿನ ಮತ್ತೆ. ಅದಾದ ಮೇಲೆ ಎರಡು ಗಂಟೆ ಅಲ್ಲೇ ಕೂರಬೇಕು, ತಿನ್ನುವಂತಿಲ್ಲ, ಓಡಾಡುವಂತಿಲ್ಲ. ಒಂದು ಗಂಟೆಗೆ ರಕ್ತ, ಎರಡು ಗಂಟೆಗೆ ರಕ್ತ. ಕೆಲವು ಕಡೆ ಮೊದಲು 50 ಗ್ರಾಂನ ಸಣ್ಣ ಟೆಸ್ಟ್ ಮಾಡಿ, ಜಾಸ್ತಿ ಬಂದವರಿಗೆ ಮಾತ್ರ ದೊಡ್ಡದು ಮಾಡುತ್ತಾರೆ.

ನನಗೆ ಮಾಡಿದ ಪದ್ಧತಿಯಲ್ಲಿ ಗಡಿ ಹೀಗಿತ್ತು: ಖಾಲಿ ಹೊಟ್ಟೆಗೆ 92, ಒಂದು ಗಂಟೆಗೆ 180, ಎರಡು ಗಂಟೆಗೆ 153. ಒಂದು ಮುಟ್ಟಿದರೂ ಸಾಕು, ಶುಗರ್ ಅಂತ ಲೆಕ್ಕ. ನನ್ನದು ಖಾಲಿ ಹೊಟ್ಟೆಯದೇ ದಾಟಿತ್ತು.

ಆಗ ಶುರುವಾಯಿತು ಮಾತು. "ಸಿಹಿ ಜಾಸ್ತಿ ತಿಂದಿದ್ದಾಳೆ." ಇದನ್ನು ಕೇಳಿ ಕೇಳಿ ಸಾಕಾಗಿದೆ. ಮಾಸಿನಿಂದ ಬರುವ ಹಾರ್ಮೋನುಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಎಲ್ಲ ಬಸುರಿಯರಿಗೂ ಬರುತ್ತವೆ. ಕೆಲವರ ಮೇದೋಜೀರಕ ಅದಕ್ಕೆ ತಕ್ಕಷ್ಟು ಇನ್ಸುಲಿನ್ ಕೊಡುತ್ತದೆ, ಕೆಲವರದು ಕೊಡುವುದಿಲ್ಲ. ಅಷ್ಟೇ. ತೆಳ್ಳಗಿರುವವರಿಗೂ ಬರುತ್ತದೆ. ನಾನು ಊಟ ಸಣ್ಣ ಸಣ್ಣದಾಗಿ ಹಂಚಿಕೊಂಡು, ಪ್ರತಿ ಊಟ ಆದ ಮೇಲೆ ಸ್ವಲ್ಪ ನಡೆದೆ. ಅಷ್ಟಕ್ಕೇ ಹಿಡಿತಕ್ಕೆ ಬಂತು. ಬರದಿದ್ದರೆ ಮಾತ್ರೆ ಅಥವಾ ಇನ್ಸುಲಿನ್ ಇದೆ, ಅದರಲ್ಲಿ ಅವಮಾನ ಏನಿಲ್ಲ. ಹೆರಿಗೆಯಾಗಿ 6ರಿಂದ 12 ವಾರದೊಳಗೆ ಮತ್ತೆ ಟೆಸ್ಟ್ ಮಾಡಿಸಬೇಕು. ಮಗು ಕೈಗೆ ಬಂದ ಮೇಲೆ ಎಲ್ಲರೂ ಮರೆಯುವುದು ಇದನ್ನೇ.

ಎಡಗಡೆ

ಬಲಗಡೆ ಮಲಗಿದರೆ ಮಗುವಿಗೆ ರಕ್ತ ಹೋಗುವುದಿಲ್ಲವಂತೆ, ಹೌದಾ? ರಾತ್ರಿ ಎಚ್ಚರ ಆದಾಗ ಬಲಗಡೆ ಇದ್ದರೆ ಎದೆ ಧಸಕ್ ಅನ್ನುತ್ತದೆ.

ವಾರ್ಡ್ ಸಿಸ್ಟರ್

ಇಲ್ಲ ತಾಯಿ, ಎರಡೂ ಪಕ್ಕ ಆಗುತ್ತದೆ. ತೊಂದರೆ ಇರುವುದು ಅಂಗಾತ ಮಲಗುವುದರಲ್ಲಿ. ಹೊಟ್ಟೆಯ ಭಾರ ಹಿಂದಿನ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. 28 ವಾರ ಆದ ಮೇಲೆ ನಿದ್ದೆಗೆ ಹೋಗುವಾಗ ಪಕ್ಕಕ್ಕೆ ಮಲಗಿ. ನಡುವೆ ಎಚ್ಚರ ಆದಾಗ ಅಂಗಾತ ಇದ್ದರೆ ಹೊರಳಿಕೊಳ್ಳಿ, ಅಷ್ಟೇ. ಬೆನ್ನ ಹಿಂದೆ ಒಂದು ದಿಂಬು, ಮೊಣಕಾಲ ನಡುವೆ ಒಂದು ದಿಂಬು.

ಮಂಜು ಮುಸುಕು

ಮೈ ಚೆನ್ನಾಗಿದೆ, ಸ್ಕ್ಯಾನ್ ಚೆನ್ನಾಗಿದೆ, ಎಲ್ಲರೂ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಆದರೂ ಏನೂ ಬೇಡ ಅನ್ನಿಸುತ್ತದೆ. ಬೆಳಗ್ಗೆ ಏಳಲು ಮನಸ್ಸಿಲ್ಲ. ಹೇಳಿದರೆ "ಎಲ್ಲ ಇದ್ದೂ ಏನು ಕೊರಗು" ಅನ್ನುತ್ತಾರೆ. ಹಾಗಾಗಿ ಯಾರಿಗೂ ಹೇಳಿಲ್ಲ.

ಬಿಳಿ ಚುಕ್ಕೆ

ಇಲ್ಲಿ ಹೇಳಿದಿರಲ್ಲ, ಒಳ್ಳೆಯದಾಯಿತು. ಬಾಣಂತಿಯಾದ ಮೇಲೆ ಮಾತ್ರವಲ್ಲ, ಬಸಿರಿನಲ್ಲೂ ಖಿನ್ನತೆ ಬರುತ್ತದೆ. ಎರಡು ವಾರಕ್ಕಿಂತ ಜಾಸ್ತಿ ಹೀಗೇ ಇದ್ದರೆ ಚೆಕಪ್ಪಿನಲ್ಲಿ ಬಿಪಿ ನೋಡುವಾಗ ಇದನ್ನೂ ಹೇಳಿ. ಮಾತಿನ ಚಿಕಿತ್ಸೆ ಇದೆ, ಬಸಿರಿನಲ್ಲಿ ಕೊಡಬಹುದಾದ ಔಷಧಿಯೂ ಇದೆ. ಮೊದಲೇ ಮಾತ್ರೆ ತಗೊಳ್ಳುತ್ತಿದ್ದವರು ಬಸಿರಾದೆ ಅಂತ ತಾವೇ ನಿಲ್ಲಿಸಬಾರದು. ಸಾಯಬೇಕು ಅನ್ನುವ ಯೋಚನೆ ಬಂದರೆ ಕಾಯಬೇಡಿ, ಆ ಕ್ಷಣವೇ ಯಾರನ್ನಾದರೂ ಕರೆದುಕೊಂಡು ಆಸ್ಪತ್ರೆಗೆ ಹೋಗಿ. ನನಗೆ ಇಲ್ಲಿ ಮೆಸೇಜ್ ಮಾಡಿ, ರಾತ್ರಿ ಆದರೂ ಸರಿ.

ಸೀನಿದರೆ ಸತ್ತೆ

ಸಿಸ್ಟರ್, ಯಾವುದಕ್ಕೆ ಓಡಬೇಕು ಅಂತ ಒಂದೇ ಕಡೆ ಬರೆದುಬಿಡಿ. ಸ್ಕ್ರೀನ್‌ಶಾಟ್ ತೆಗೆದು ಗಂಡನಿಗೆ ಕಳಿಸುತ್ತೇನೆ.

ವಾರ್ಡ್ ಸಿಸ್ಟರ್

ರಕ್ತ ಕಂಡರೆ, ಎಷ್ಟೇ ಸ್ವಲ್ಪ ಆಗಲಿ. ಕೆಳಗಿನಿಂದ ನೀರು ಹೋದಂತಾದರೆ. ಬಿಳಿಸೆರಗು ಜಾಸ್ತಿ ಆಗುವುದು ಮಾಮೂಲು, ಆದರೆ ಒಳಬಟ್ಟೆ ತೊಯ್ಯುವಷ್ಟು ನೀರು, ವಾಸನೆ, ತುರಿಕೆ, ಹಸಿರು ಬಣ್ಣ ಇದ್ದರೆ ತೋರಿಸಬೇಕು.

ಹೊಟ್ಟೆ ಆಗಾಗ ಗಟ್ಟಿಯಾಗಿ ಸಡಿಲ ಆಗುವುದು ಆರನೇ ತಿಂಗಳಿಗೆ ಕೆಲವರಿಗೆ ಶುರುವಾಗುತ್ತದೆ. ನೀರು ಕುಡಿದು ಪಕ್ಕಕ್ಕೆ ಮಲಗಿದಾಗ ನಿಂತುಹೋದರೆ ಅದು ಬ್ರಾಕ್ಸ್‌ಟನ್ ಹಿಕ್ಸ್, ಸುಳ್ಳು ನೋವು. ಒಂದೇ ಅಂತರದಲ್ಲಿ ಮತ್ತೆ ಮತ್ತೆ ಬಂದರೆ, ಸೊಂಟ ಹಿಡಿದು ನೋವು ಬಂದರೆ, ಕೆಳಗೆ ಏನೋ ಒತ್ತಿದಂತಾದರೆ ಕಾಯಬಾರದು. ಹೆರಿಗೆ ಅವಧಿಗೆ ಮುಂಚೆ ಆಗುವ ಹಾಗಿದ್ದರೆ ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತೇವೆ. ಅದು ಕೆಲಸ ಮಾಡಲು ಸಮಯ ಬೇಕು. ಬೇಗ ಬಂದವರಿಗೆ ಕೊಡಬಹುದು, ಕೊನೇ ಗಳಿಗೆಯಲ್ಲಿ ಬಂದವರಿಗೆ ಕೊಟ್ಟೂ ಉಪಯೋಗ ಕಡಿಮೆ.

20 ವಾರ ದಾಟಿದ ಮೇಲೆ ಬಿಪಿ 140/90 ಮುಟ್ಟಿದರೆ. ಬಿಡದ ತಲೆನೋವು, ಕಣ್ಣು ಮಂಜಾಗುವುದು ಅಥವಾ ಮಿಂಚು ಕಂಡಂತಾಗುವುದು, ಬಲ ಪಕ್ಕೆಯ ಕೆಳಗೆ ನೋವು, ಮುಖ ಕೈ ಒಮ್ಮೆಲೇ ಊದುವುದು. ಸಂಜೆ ಹೊತ್ತಿಗೆ ಎರಡೂ ಪಾದ ಊದಿ ಬೆಳಗ್ಗೆ ಇಳಿದರೆ ಅದು ಮಾಮೂಲು. ಒಂದೇ ಕಾಲು ಊದಿ, ಕೆಂಪಾಗಿ, ನೋಯುತ್ತಿದ್ದರೆ ಮಾಮೂಲು ಅಲ್ಲ. ಅಂಗೈ ಅಂಗಾಲು ತುರಿಕೆ, ಅದೂ ರಾತ್ರಿ ಜಾಸ್ತಿ, ಗುಳ್ಳೆ ಏನೂ ಇಲ್ಲದೆ ಇದ್ದರೆ ಲಿವರ್ ಟೆಸ್ಟ್ ಬೇಕು. ಜ್ವರ, ಉರಿಮೂತ್ರವನ್ನೂ ಬಿಡಬೇಡಿ.

ಇನ್ನು, ರಕ್ತದ ಗುಂಪು ನೆಗೆಟಿವ್ ಇದ್ದವರು 28ನೇ ವಾರದ ಆಂಟಿ-ಡಿ ಇಂಜೆಕ್ಷನ್ (ಮಗುವಿನ ರಕ್ತ ಪಾಸಿಟಿವ್ ಆಗಿದ್ದರೆ ತಾಯಿಯ ಮೈ ಅದರ ವಿರುದ್ಧ ತಿರುಗದಂತೆ ತಡೆಯುವುದು) ಬಗ್ಗೆ ಈಗಲೇ ಕೇಳಿಡಿ. ನಡುವೆ ರಕ್ತಸ್ರಾವ ಆದರೆ ಅಥವಾ ಬಿದ್ದು ಹೊಟ್ಟೆಗೆ ಪೆಟ್ಟಾದರೆ ಅದಕ್ಕಿಂತ ಮೊದಲೇ ಬೇಕಾಗಬಹುದು.

ಗೋಡೆ ಗಡಿಯಾರ

ಕಳೆದ ಸಲ ಐದನೇ ತಿಂಗಳಲ್ಲಿ ಕಳೆದುಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ: ಮೊದಲ ಚೆಕಪ್ಪಿನಲ್ಲೇ ಹೇಳಿ. ಗರ್ಭಕೋಶದ ಬಾಯಿಯ ಉದ್ದವನ್ನು ಒಳಗಿನಿಂದ ಸ್ಕ್ಯಾನ್ ಮಾಡಿ ಅಳೆಯುತ್ತಾರೆ. 25 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಪ್ರೊಜೆಸ್ಟರಾನ್ ಇಡುತ್ತಾರೆ, ಕೆಲವರಿಗೆ ಹೊಲಿಗೆ ಹಾಕುತ್ತಾರೆ. ನನ್ನ ತಂಗಿಗೆ ಹೊಲಿಗೆ ಹಾಕಿದ್ದರು. ಅವಳ ಮಗ ಈಗ ನನ್ನ ಮನೆಯ ಸೋಫಾ ಮೇಲೆ ಹಾರುತ್ತಿದ್ದಾನೆ.

ಚಾರ್ಜರ್ ಎಲ್ಲಿ

ಕೊನೆಯದಾಗಿ ಎರಡು ಪ್ರಶ್ನೆ. ಪ್ರಯಾಣ ಮಾಡಬಹುದಾ? ಅವಳಿಗೆ ಹಲ್ಲುನೋವೂ ಇದೆ, ಹೆರಿಗೆ ಆಗುವವರೆಗೆ ತಡೆದುಕೊಳ್ಳುತ್ತೇನೆ ಅನ್ನುತ್ತಾಳೆ.

ವಾರ್ಡ್ ಸಿಸ್ಟರ್

ತೊಡಕೇನೂ ಇಲ್ಲದ ಬಸಿರಾದರೆ ಪ್ರಯಾಣಕ್ಕೆ ಇದೇ ಒಳ್ಳೆ ಹೊತ್ತು. ಕಾರಿನಲ್ಲಿ ಬೆಲ್ಟ್ ಹಾಕಲೇಬೇಕು. ಕೆಳಗಿನ ಪಟ್ಟಿ ಹೊಟ್ಟೆಯ ಕೆಳಗೆ, ತೊಡೆ ಮೇಲೆ ಬರಬೇಕು. ಮೇಲಿನದು ಎದೆಯ ನಡುವಿನಿಂದ, ಹೊಟ್ಟೆಯ ಪಕ್ಕದಲ್ಲಿ ಇಳಿಯಬೇಕು. ದೂರ ಆದರೆ ಆಗಾಗ ಇಳಿದು ನಡೆಯಲಿ. ವಿಮಾನಕ್ಕೆ 28 ವಾರದ ಮೇಲೆ ಹೆಚ್ಚಿನ ಕಂಪನಿಗಳು ಡಾಕ್ಟರ್ ಚೀಟಿ ಕೇಳುತ್ತವೆ, ಟಿಕೆಟ್ ಮಾಡುವ ಮುಂಚೆ ವಿಚಾರಿಸಿ.

ಹಲ್ಲುನೋವು ತಡೆದುಕೊಳ್ಳುವುದು ಬೇಡ. ಸೋಂಕು ಬೆಳೆಯಲು ಬಿಡುವುದೇ ಜಾಸ್ತಿ ಅಪಾಯ. ಜಾಗ ಮರಗಟ್ಟಿಸುವ ಇಂಜೆಕ್ಷನ್ ಕೊಡಬಹುದು, ಬೇಕೇ ಬೇಕು ಅಂದರೆ ಎಕ್ಸ್‌ರೇ ಕೂಡ ತೆಗೆಯುತ್ತಾರೆ. ಮುಂದಿನ ತಿಂಗಳುಗಳಲ್ಲಿ ಆ ಕುರ್ಚಿಯಲ್ಲಿ ಅಂಗಾತ ಒರಗಿ ಕೂರುವುದೇ ಕಷ್ಟ. ಬಸುರಿ ಅಂತ ಮೊದಲೇ ಹೇಳಿ ಈ ವಾರವೇ ಕರೆದುಕೊಂಡು ಹೋಗಿ.

ಚಾರ್ಜರ್ ಎಲ್ಲಿ

ಸ್ಕ್ಯಾನ್ ಸೋಮವಾರಕ್ಕೆ ಬದಲಾಯಿತು. ಹಲ್ಲಿನ ಡಾಕ್ಟರ್ ಗುರುವಾರ. ಅವಳು ನಿಮ್ಮ ಮೇಲೆ ಸ್ವಲ್ಪ ಸಿಟ್ಟಾಗಿದ್ದಾಳೆ ಸಿಸ್ಟರ್.